ಬೀಚ್ ಬಿಡಿ, ಅಳಿವೆ ಹುಡುಕಿ

ಮಳೆಗಾಲ ಮುಗಿಯುತ್ತಾ ಬಂದರೆ ಸಾಕು, ನಮ್ಮ ಸ್ಟುಡಿಯೋಗೆ ಒಂದೇ ಥರದ ಫೋನು ಶುರು. "ಸರ್, ಪ್ರೀ ವೆಡ್ಡಿಂಗ್ ಸಮುದ್ರದ ಹತ್ರಾನೇ ಆಗ್ಬೇಕ್ರೀ. ಒಂದು ದಿನಕ್ಕೆ ಎಷ್ಟು ಸ್ಪಾಟ್ ಆಗ್ತಾವೆ?" ಹುಡುಗ ದಾವಣಗೆರೆಯವನು, ಹುಡುಗಿ ಚಿತ್ರದುರ್ಗದವಳು, ಇಬ್ಬರಿಗೂ ಅಲೆ ಬೇಕು, ಸೂರ್ಯಾಸ್ತ ಬೇಕು. ಬಯಲುಸೀಮೆಯಲ್ಲಿ ಬೆಳೆದವರಿಗೆ ಸಮುದ್ರದ ಆಸೆ ಇರುವುದು ಸಹಜವೇ. ನನಗೂ ಇದೆ. ಕಲ್ಲುಬೆಟ್ಟ, ಗಾಳಿಯಂತ್ರ, ಮೆಕ್ಕೆಜೋಳದ ಹೊಲ ನೋಡಿ ಬೆಳೆದ ಕಣ್ಣಿಗೆ ಘಟ್ಟ ಇಳಿದ ಕೂಡಲೇ ಆಗುವ ಖುಷಿಯೇ ಬೇರೆ.

ಬೇಜಾರಾಗುವುದು ಫೋನಿನ ನಂತರ ವಾಟ್ಸಾಪ್‌ನಲ್ಲಿ ಬರುವ ಪಟ್ಟಿ ನೋಡಿದಾಗ. ಮುರುಡೇಶ್ವರದ ಶಿವ, ಮರವಂತೆ ರಸ್ತೆ, ಓಂ ಬೀಚ್, ಕಾಪು ದೀಪಸ್ತಂಭ, ಮಲ್ಪೆ. ಎಲ್ಲವೂ ಒಂದೇ ದಿನಕ್ಕೆ. ಎಲ್ಲವೂ ಯಾರದೋ ರೀಲ್ಸ್‌ನಿಂದ ಎತ್ತಿದ ಪಿನ್‌ಗಳು. ಗೋಕರ್ಣದಿಂದ ಕಾಪುವರೆಗೆ ಹೆದ್ದಾರಿ 66ರಲ್ಲಿ ಓಡುವುದರಲ್ಲೇ ಹಗಲು ಮುಗಿಯುತ್ತದೆ. ಉಳಿಯುವುದು ಮಟಮಟ ಮಧ್ಯಾಹ್ನದ ಫೋಟೋ. ಮುಖದ ಮೇಲೆ ಕಣ್ಣಿನ ಗುಳಿ ಕಪ್ಪಗೆ, ಹಿಂದೆ ಬಿಳಚಿಕೊಂಡ ಆಕಾಶ, ಪಕ್ಕದಲ್ಲಿ ಇನ್ನೊಂದು ಊರಿನ ಮದುಮಕ್ಕಳು ಅದೇ ಭಂಗಿಯಲ್ಲಿ ಸರದಿ ಕಾಯುತ್ತಿರುತ್ತಾರೆ.

ಆದ್ದರಿಂದ ಈ ಸಲ ಕರಾವಳಿ ಕಡೆ ಹೊರಡುವವರಿಗೆಲ್ಲ ನಾನು ಹೇಳುವುದು ಒಂದೇ. ಮದುವೆಯ ಫೋಟೋ ಇರಲಿ, ಮನೆಮಂದಿ ಪ್ರವಾಸ ಇರಲಿ, ಕೈಯಲ್ಲಿ ಬರೀ ಮೊಬೈಲ್ ಇರಲಿ. ಬೀಚ್ ಹುಡುಕಬೇಡಿ, ಅಳಿವೆ ಹುಡುಕಿ. ಹೊಳೆ ಬಂದು ಸಮುದ್ರ ಸೇರುವ ಜಾಗಕ್ಕೆ ಅಲ್ಲಿನವರು ಅಳಿವೆ ಅಂತಾರೆ. ನಮ್ಮ ಕರಾವಳಿಯ ಒಳ್ಳೆಯ ಫೋಟೋಗಳು ನನಗೆ ಸಿಕ್ಕಿದ್ದು ಹೆಚ್ಚಿನಂಶ ಅಲ್ಲೇ.

ಯಾಕೆ ಅಂತ ಹೇಳುತ್ತೇನೆ. ನಮ್ಮ ಹರಿಹರದಲ್ಲಿ ಹರಿಯುವ ತುಂಗಭದ್ರೆಯೂ, ಹೊನ್ನಾವರದಲ್ಲಿ ಸಮುದ್ರ ಸೇರುವ ಶರಾವತಿಯೂ ಇದೇ ಪಶ್ಚಿಮ ಘಟ್ಟದ ಮಕ್ಕಳು. ನಮ್ಮದು ಪೂರ್ವಕ್ಕೆ ತಿರುಗಿ, ಕೃಷ್ಣೆಯನ್ನು ಸೇರಿ, ಬಂಗಾಳ ಕೊಲ್ಲಿವರೆಗೆ ನಿಧಾನಕ್ಕೆ ಹೋಗುತ್ತದೆ. ಶರಾವತಿ ತೀರ್ಥಹಳ್ಳಿ ತಾಲ್ಲೂಕಿನ ಅಂಬುತೀರ್ಥದಲ್ಲಿ ಹುಟ್ಟಿ, ಜೋಗದಲ್ಲಿ ಧುಮುಕಿ, ಸುಮಾರು 130 ಕಿಲೋಮೀಟರಿಗೆಲ್ಲ ಸಮುದ್ರ ಮುಟ್ಟುತ್ತದೆ. ಪಶ್ಚಿಮಕ್ಕೆ ಇಳಿಯುವ ಹೊಳೆಗಳೆಲ್ಲ ಹೀಗೇ, ಗಿಡ್ಡ, ರಭಸ. ಮಳೆಗಾಲದಲ್ಲಿ ಬೆಟ್ಟದ ಮಣ್ಣು ಹೊತ್ತು ತರುತ್ತವೆ. ಬಾಗಿಲಲ್ಲಿ ಅಲೆ ತಡೆಯುತ್ತದೆ. ಹೊಳೆ ತಳ್ಳುತ್ತದೆ, ಸಮುದ್ರ ವಾಪಸ್ ತಳ್ಳುತ್ತದೆ. ಈ ಜಗಳದಲ್ಲಿ ಮರಳಿನ ದಿಬ್ಬ, ಉದ್ದನೆಯ ನಾಲಿಗೆಯಂಥ ದಂಡೆ, ಕಾಂಡ್ಲಾ (ಉಪ್ಪುನೀರಲ್ಲಿ ಬೆಳೆಯುವ ಮ್ಯಾಂಗ್ರೋವ್) ಕಾಡಿನ ಕುದುರು, ಅಂದರೆ ಹೊಳೆ ನಡುವಿನ ನಡುಗಡ್ಡೆ, ಎಲ್ಲ ಹುಟ್ಟುತ್ತವೆ. ಒಂದು ಕಡೆ ನಿಂತರೆ ಅಬ್ಬರಿಸುವ ನೀರು, ಹಿಂದೆ ತಿರುಗಿದರೆ ಕನ್ನಡಿ ಹಾಗೆ ನಿಂತ ನೀರು. ಫೋಟೋಗೆ ಇನ್ನೇನು ಬೇಕು?

ಬರೀ ಬೀಚಿನಲ್ಲಿ ಇರುವುದು ಮೂರು ಗೆರೆ: ಮರಳು, ನೀರು, ಆಕಾಶ. ಅದನ್ನು ಚೆನ್ನಾಗಿ ತೆಗೆಯುವುದಕ್ಕೆ ತುಂಬಾ ಪಳಗಿದ ಕೈ ಬೇಕು. ಅಳಿವೆಯಲ್ಲಿ ಸೇತುವೆ ಇದೆ, ದೋಣಿ ಇದೆ, ತೆಂಗಿನ ಸಾಲಿನ ನೆರಳು ನೀರಲ್ಲಿ ಬಿದ್ದಿರುತ್ತದೆ, ಬಲೆ ಬೀಸುವವರಿದ್ದಾರೆ, ಮೀನು ಕಾಯುವ ಕೊಕ್ಕರೆ ಇದೆ. ಹಿಂದೆ ಘಟ್ಟದ ನೀಲಿ ಸಾಲು. ಹೊಸಬರಿಗೂ ಚೌಕಟ್ಟಿನಲ್ಲಿ ಹಿಡಿದುಕೊಳ್ಳಲು ಏನಾದರೂ ಸಿಗುತ್ತದೆ.

ಹುಡುಕುವ ದಾರಿ ಸುಲಭ. ಫೋನಿನ ಮ್ಯಾಪ್ ತೆಗೆದು ಸ್ಯಾಟಲೈಟ್ ನೋಟಕ್ಕೆ ಹಾಕಿ. ಕಾರವಾರದಿಂದ ಮಂಗಳೂರುವರೆಗೆ ದಡದ ಗುಂಟ ಬೆರಳು ಜಾರಿಸಿ. ಎಲ್ಲೆಲ್ಲಿ ಹೊಳೆ ಬಂದು ಸಮುದ್ರಕ್ಕೆ ಬೀಳುತ್ತದೋ ಅಲ್ಲಿ ನಿಲ್ಲಿಸಿ. ಕಾಳಿ, ಗಂಗಾವಳಿ, ಅಘನಾಶಿನಿ, ಶರಾವತಿ, ಬೈಂದೂರು ಹೊಳೆ, ಗಂಗೊಳ್ಳಿ, ಸೀತಾ ಮತ್ತು ಸ್ವರ್ಣಾ, ಕೊನೆಗೆ ನೇತ್ರಾವತಿ. ಆಮೇಲೆ ಹೆದ್ದಾರಿಯಿಂದ ಆ ಕಡೆ ಹೋಗುವ ಸಣ್ಣ ರಸ್ತೆ ನೋಡಿ. ಅದು ಎಲ್ಲಿ ಮುಗಿಯುತ್ತದೋ ಅಲ್ಲಿವರೆಗೆ ಹೋಗಿ. ಸಾಮಾನ್ಯವಾಗಿ ಅಲ್ಲಿ ದೋಣಿ ನಿಲ್ಲುವ ಒಂದು ಧಕ್ಕೆ ಇರುತ್ತದೆ, ಒಂದು ಗೂಡಂಗಡಿ, ದೈವದ ಒಂದು ಗುಡಿ. ಗೂಡಂಗಡಿಯಲ್ಲಿ ಚಹಾ ಕುಡಿಯಿರಿ. ನೀರು ಯಾವಾಗ ಇಳಿಯುತ್ತದೆ ಅಂತ ಕೇಳಿ. ಈ ಪ್ರಶ್ನೆ ಕೇಳಿದ ಪ್ರವಾಸಿಗೆ ಅಲ್ಲಿನವರು ಕೊಡುವ ಮರ್ಯಾದೆಯೇ ಬೇರೆ. ಗಂಗೊಳ್ಳಿಯಲ್ಲಿ ಒಬ್ಬ ಅಜ್ಜ, "ಹ್ವಾಯ್, ಒಂದ್ ಗಳಿಗಿ ನಿಲ್ಲಿ, ನೀರ್ ಇಳಿತ್ತ್, ಆಗ ಕಾಣಿ" ಅಂತ ತನ್ನ ಪಕ್ಕದಲ್ಲೇ ಕೂರಿಸಿಕೊಂಡಿದ್ದ. ಅವನು ಹೇಳಿದಂತೆಯೇ ನೀರು ಇಳಿಯಿತು. ಒದ್ದೆ ಮರಳಿನ ಮೇಲೆ ಇಡೀ ಆಕಾಶ ಇಳಿದು ಮಲಗಿತ್ತು.

ಉಬ್ಬರ ಇಳಿತದ ಲೆಕ್ಕ ಗೊತ್ತಿಲ್ಲದೆ ಕರಾವಳಿಯಲ್ಲಿ ಫೋಟೋಗೆ ಹೋಗುವುದು ನನಗೆ ಸರಿ ಕಾಣುವುದಿಲ್ಲ. ದಿನಕ್ಕೆ ಎರಡು ಸಲ ನೀರು ಏರುತ್ತದೆ, ಎರಡು ಸಲ ಇಳಿಯುತ್ತದೆ. ಒಂದು ಉಬ್ಬರದಿಂದ ಮುಂದಿನದಕ್ಕೆ ಹನ್ನೆರಡೂವರೆ ಗಂಟೆಗೆ ಸ್ವಲ್ಪ ಕಡಿಮೆ. ಹಾಗಾಗಿ ದಿನದಿಂದ ದಿನಕ್ಕೆ ಸುಮಾರು 50 ನಿಮಿಷ ಮುಂದಕ್ಕೆ ಹೋಗುತ್ತದೆ. ಹುಣ್ಣಿಮೆ, ಅಮಾವಾಸ್ಯೆ ಆಸುಪಾಸಿನಲ್ಲಿ ಏರುವುದೂ ಜಾಸ್ತಿ, ಇಳಿಯುವುದೂ ಜಾಸ್ತಿ. ಅಂದರೆ ನಿಮ್ಮ ಗೆಳೆಯ ಹೋದ ವಾರ ಸಂಜೆ ತೆಗೆದ ಹೊಳೆಯುವ ಮರಳು ಈ ವಾರ ಅದೇ ಸಂಜೆ ಮೊಣಕಾಲುದ್ದ ನೀರಿನ ಕೆಳಗೆ ಇರಬಹುದು. ಪಿನ್ ಅದೇ, ಜಾಗ ಮಾತ್ರ ಇಲ್ಲ! ಅಳಿವೆಯಲ್ಲಂತೂ ಮರಳಿನ ದಿಬ್ಬವೇ ಒಂದು ಮಳೆಗಾಲ ಕಳೆಯುವಷ್ಟರಲ್ಲಿ ಸರಿದು ಕೂತಿರುತ್ತದೆ. ಉಬ್ಬರದ ಸಮಯ ಫೋನಲ್ಲೇ ಸಿಗುತ್ತದೆ. ಸೂರ್ಯ ಮುಳುಗುವ ಹೊತ್ತಿಗೆ ಸರಿಯಾಗಿ ಇಳಿತ ಬರುವ ದಿನ ನೋಡಿ ಹೊರಡಿ. ಮುಹೂರ್ತಕ್ಕೆ ಪಂಚಾಂಗ ನೋಡುವ ನಮಗೆ ಇದೇನು ಕಷ್ಟವಲ್ಲ.

ಬೆಳಕಿನ ವಿಷಯಕ್ಕೆ ಬಂದರೆ, ನಮ್ಮ ಕರಾವಳಿಯಲ್ಲಿ ಬೆಳಗ್ಗೆ ಹೊಳೆಯ ಕಡೆ, ಸಂಜೆ ಸಮುದ್ರದ ಕಡೆ. ಸೂರ್ಯ ಘಟ್ಟದ ಹಿಂದಿನಿಂದ ಏರಿ ಬರುತ್ತಾನೆ. ನವೆಂಬರಿನಿಂದ ಜನವರಿವರೆಗೆ ಬೆಳಗಿನ ಹೊತ್ತು ಹೊಳೆಯ ಮೇಲೆ ತೆಳ್ಳಗೆ ಮಂಜು. ಅದರೊಳಗೆ ಒಂದು ಸಣ್ಣ ದೋಣಿ ಹೋದರೆ ಸಾಕು. ಆದರೆ ನಮ್ಮವರು ಆ ಹೊತ್ತಿಗೆ ಲಾಡ್ಜ್‌ನಲ್ಲಿ ಮಲಗಿರುತ್ತಾರೆ, ಎದ್ದು ತಿಂಡಿ ಮುಗಿಸುವಾಗ ಹತ್ತು ಗಂಟೆ. ಸಂಜೆ ನವೆಂಬರ್ ಕೊನೆಗೆ ಸುಮಾರು 6ಕ್ಕೆಲ್ಲ ಸೂರ್ಯ ಮುಳುಗುತ್ತಾನೆ. ಜೂನಿನಲ್ಲಿ ಅದು 7ರ ಹತ್ತಿರ. ಮುಳುಗುವ ಜಾಗವೂ ಡಿಸೆಂಬರಿನಲ್ಲಿ ಎಡಕ್ಕೆ, ಅಂದರೆ ದಕ್ಷಿಣಕ್ಕೆ ವಾಲಿರುತ್ತದೆ. ಜೂನಿನಲ್ಲಿ ಬಲಕ್ಕೆ. ಬೇಸಿಗೆಯಲ್ಲಿ ನೀರಿನ ಮೇಲೆ ಬಿದ್ದ ಸೂರ್ಯ, ಚಳಿಗಾಲದಲ್ಲಿ ಗುಡ್ಡದ ಹಿಂದೆ ಮರೆಯಾಗಬಹುದು. ಮುಳುಗಿದ ಮೇಲೆ ಇನ್ನೂ ಇಪ್ಪತ್ತು ನಿಮಿಷ ನಿಲ್ಲಿ. ದಯವಿಟ್ಟು ನಿಲ್ಲಿ. ಎಲ್ಲರೂ ಕಾರಿನ ಕಡೆ ನಡೆಯುವ ಹೊತ್ತಿಗೆ ಆಕಾಶದ ಕೆಳಗಿನಿಂದ ಬಣ್ಣ ಏರುತ್ತದೆ.

ಈಗ ನನಗೆ ಇಷ್ಟವಾದ ಅಳಿವೆಗಳ ಬಗ್ಗೆ.

ಎಲ್ಲಕ್ಕಿಂತ ಮೊದಲು ಅಘನಾಶಿನಿ. ಕುಮಟಾ ಮತ್ತು ಗೋಕರ್ಣದ ನಡುವೆ. ಈ ಹೊಳೆಗೆ ದೊಡ್ಡ ಅಣೆಕಟ್ಟು ಇಲ್ಲ, ಹುಟ್ಟಿನಿಂದ ಕೊನೆತನಕ ತನ್ನ ಪಾಡಿಗೆ ಹರಿಯುತ್ತದೆ. 2024ರಲ್ಲಿ ಇದರ ಅಳಿವೆಗೆ ರಾಮ್ಸಾರ್ ಮಾನ್ಯತೆ, ಅಂದರೆ ಅಂತರರಾಷ್ಟ್ರೀಯ ಮಹತ್ವದ ಜೌಗುಪ್ರದೇಶ ಅನ್ನುವ ಮಾನ್ಯತೆ ಸಿಕ್ಕಿತು. ತದಡಿ ಬಂದರಿನ ಈ ಕಡೆ ನಿಂತರೆ ಆ ದಡದಲ್ಲಿ ಅಘನಾಶಿನಿ ಎಂಬ ಊರು. ಇಳಿತದ ಹೊತ್ತಿಗೆ ಹೊಳೆಯ ನಡುವೆ ನೆಲ ತೋರುತ್ತದೆ. ಹೆಂಗಸರು, ಗಂಡಸರು ನೀರಿಗೆ ಇಳಿದು ಬಳಚು, ಅಂದರೆ ತಿನ್ನುವ ಚಿಪ್ಪು, ಆರಿಸುತ್ತಾರೆ. ಸೊಂಟದವರೆಗೆ ನೀರು, ಪಕ್ಕದಲ್ಲಿ ತೇಲುವ ಪಾತ್ರೆ, ಹಿಂದೆ ಕಾಂಡ್ಲಾ ಗಿಡದ ಹಸಿರು. ಮಳೆ ನೀರು ಉಪ್ಪು ತೊಳೆದ ಮೇಲೆ ಅಳಿವೆ ಪಕ್ಕದ ತಗ್ಗಿನ ಗಜನಿ ಗದ್ದೆಗಳಲ್ಲಿ ಕಗ್ಗ ಅನ್ನುವ ಭತ್ತ ಬೆಳೆಯುತ್ತಾರೆ. ಉಪ್ಪುನೀರು ತಡೆದುಕೊಳ್ಳುವ ತಳಿ ಅದು. ಬೇಸಿಗೆಯಲ್ಲಿ ಹೋದರೆ ಸಾಣಿಕಟ್ಟಾದ ಉಪ್ಪಿನ ಪಾತಿಗಳು. ಚೌಕ ಚೌಕ ನೀರು, ಒಂದೊಂದರಲ್ಲೂ ಒಂದೊಂದು ಬಣ್ಣದ ಆಕಾಶ, ಅಂಚಿನಲ್ಲಿ ಬಿಳಿ ಗುಡ್ಡೆ. ಗೋಕರ್ಣಕ್ಕೆ ಹೋಗುವ ಸಾವಿರಾರು ಜನ ಈ ಪಾತಿಗಳ ಪಕ್ಕದಲ್ಲೇ ಕಾರಿನ ಗಾಜು ಏರಿಸಿಕೊಂಡು ಹೋಗುತ್ತಾರೆ, ಓಂ ಬೀಚಿನ ಪಿನ್ ನೋಡುತ್ತಾ. ನನಗೆ ಹೊಟ್ಟೆ ಉರಿಯುತ್ತದೆ. ಮಿರ್ಜಾನ್ ಕೋಟೆಯೂ ಅಲ್ಲಿಂದ ದೂರವಿಲ್ಲ. ನಮ್ಮ ದುರ್ಗದ ಕೋಟೆ ನೋಡಿದವರಿಗೆ ಅದು ಚಿಕ್ಕದು ಅನಿಸಬಹುದು, ಆದರೆ ಮಳೆ ಮುಗಿದ ಹೊಸದರಲ್ಲಿ ಪಾಚಿ ಹತ್ತಿದ ಆ ಜಂಬಿಟ್ಟಿಗೆ ಗೋಡೆಗಳ ಹಸಿರು ನಮ್ಮ ಕಲ್ಲಿನಲ್ಲಿ ಸಿಗುವಂಥದ್ದಲ್ಲ.

ಹೊನ್ನಾವರದ ಶರಾವತಿ ಇನ್ನೊಂದು. ಶಿವಮೊಗ್ಗ, ಸಾಗರ, ಜೋಗದ ಮೇಲೆ ಗೇರುಸೊಪ್ಪೆ ಘಟ್ಟ ಇಳಿದರೆ ನೀವು ನೇರ ಸೇರುವುದು ಇಲ್ಲಿಗೇ. ದಾವಣಗೆರೆಯಿಂದ ಬೆಳಗಿನ ಜಾವ ಹೊರಟರೆ ಊಟದ ಹೊತ್ತಿಗೆ ಮೀನೂಟದ ಹೋಟೆಲಿನಲ್ಲಿ ಕೂತಿರಬಹುದು. ಕೊಂಕಣ ರೈಲ್ವೆಯ ಅತಿ ಉದ್ದದ ಸೇತುವೆ ಇಲ್ಲಿದೆ, 2 ಕಿಲೋಮೀಟರಿಗೂ ಸ್ವಲ್ಪ ಜಾಸ್ತಿ. ರೈಲು ದಾಟುವಾಗ ನೀರಿನ ಮೇಲೆ ಬೀಳುವ ಆ ಉದ್ದ ಸಾಲು ನೋಡಬೇಕು. ಹಳಿ ಮೇಲೆ ಹೋಗಬೇಡಿ, ಹೆದ್ದಾರಿ ಸೇತುವೆ ಮೇಲೂ ಗಾಡಿ ನಿಲ್ಲಿಸಬೇಡಿ. ಕೆಳಗಿನ ಊರ ರಸ್ತೆಯಲ್ಲಿ ಇಳಿದು ದಡದಿಂದ ತೆಗೆಯಿರಿ. ಸೇತುವೆ ಚೆನ್ನಾಗಿ ಕಾಣುವುದು ಕೆಳಗಿನಿಂದಲೇ. ಕಾಂಡ್ಲಾ ಕಾಡಿನ ನಡುವೆ ಮರದ ಕಾಲುದಾರಿ ಮಾಡಿದ್ದಾರೆ, ಮಕ್ಕಳನ್ನು ಕರೆದುಕೊಂಡು ಹೋಗಲು ತುಂಬಾ ಒಳ್ಳೆಯದು. ಹತ್ತಿರದ ಕಾಸರಕೋಡು ಬೀಚಿಗೆ 2020ರಲ್ಲಿ, ಸ್ವಚ್ಛ, ಸುರಕ್ಷಿತ ಬೀಚುಗಳಿಗೆ ಕೊಡುವ ಬ್ಲೂ ಫ್ಲ್ಯಾಗ್ ಮಾನ್ಯತೆ ಸಿಕ್ಕಿದೆ. ಚೊಕ್ಕಟವಾಗಿದೆ.

ಮರವಂತೆ ಬಗ್ಗೆ ಎಲ್ಲರಿಗೂ ಗೊತ್ತು. ಒಂದು ಬದಿಗೆ ಸೌಪರ್ಣಿಕಾ, ಇನ್ನೊಂದು ಬದಿಗೆ ಸಮುದ್ರ, ನಡುವೆ ಹೆದ್ದಾರಿ. ಜನ ಸಮುದ್ರದ ಕಡೆಗೇ ಮುಖ ಮಾಡಿ ನಿಲ್ಲುತ್ತಾರೆ. ಆ ಹೊಳೆ ಮಾತ್ರ ಸಮುದ್ರದ ಬಾಗಿಲವರೆಗೆ ಬಂದು, ಸೇರದೆ, ತಿರುಗಿ ಇನ್ನೂ ಸುಮಾರು 10 ಕಿಲೋಮೀಟರ್ ಹರಿದು ಗಂಗೊಳ್ಳಿಯಲ್ಲಿ ಸೇರುತ್ತದೆ. ಅಲ್ಲಿ ಐದು ಹೊಳೆಗಳು ಕೂಡುತ್ತವೆ, ಪಂಚಗಂಗಾವಳಿ ಅಂತ ಹೆಸರು. ಕುಂದಾಪುರದ ದಡದಲ್ಲಿ ನಿಂತರೆ ಗಂಗೊಳ್ಳಿಯ ದೋಣಿಗಳು ಕಣ್ಣೆದುರೇ ಕಾಣುತ್ತವೆ. ರಸ್ತೆಯಲ್ಲಿ ಹೋಗಬೇಕಾದರೆ ತ್ರಾಸಿ ಬಳಸಿ ಬರಬೇಕು. ಮರವಂತೆಯಲ್ಲಿ ಕಾಲು ಗಂಟೆ ನಿಂತು ಓಡುವವರಿಗೆ ನನ್ನ ಕೋರಿಕೆ: ಹೊಳೆಯ ಜೊತೆಗೇ ಗಂಗೊಳ್ಳಿವರೆಗೆ ಹೋಗಿ ಬನ್ನಿ. ಸ್ವಲ್ಪ ಉತ್ತರಕ್ಕೆ ಬೈಂದೂರಿನ ಒತ್ತಿನೆಣೆ ಗುಡ್ಡವೂ ಇದೆ. ಮೇಲಿನಿಂದ ಹೊಳೆ, ಮರಳು, ಸಮುದ್ರ ಮೂರೂ ಒಂದೇ ಚೌಕಟ್ಟಿಗೆ ಬರುತ್ತವೆ, ಡ್ರೋನ್ ಬೇಕಾಗುವುದೇ ಇಲ್ಲ.

ಉಡುಪಿ ಕಡೆ ಹೋದರೆ ಕೋಡಿ ಬೆಂಗ್ರೆ. ಮಲ್ಪೆಯಿಂದ ಉತ್ತರಕ್ಕೆ ಹೂಡೆ ದಾಟಿ ದಡದ ರಸ್ತೆಯಲ್ಲೇ ಹೋಗಿ. ಎಡಕ್ಕೆ ಸಮುದ್ರ, ಬಲಕ್ಕೆ ಹೊಳೆ, ನಡುವೆ ಮನೆ ಅಂಗಳಗಳು, ಒಣ ಹಾಕಿದ ಮೀನು, ಬಲೆ. ರಸ್ತೆ ಮುಗಿಯುವಲ್ಲಿ ಸೀತಾ, ಸ್ವರ್ಣಾ ಎರಡೂ ಸಮುದ್ರ ಸೇರುತ್ತವೆ.

ಮಲ್ಪೆಗೆ ಹೋದವರು ಸೇಂಟ್ ಮೇರೀಸ್ ದ್ವೀಪಕ್ಕೂ ಹೋಗುತ್ತಾರೆ. ಅದು ಅಳಿವೆ ಅಲ್ಲ, ಆದರೂ ಒಂದು ಮಾತು ಹೇಳದೆ ಇರಲಾರೆ. ಅಲ್ಲಿನ ಕಂಬ ಕಂಬದ ಕಲ್ಲುಗಳು ಮಡಗಾಸ್ಕರ್ ನಮ್ಮಿಂದ ಬೇರೆಯಾಗುತ್ತಿದ್ದ ಕಾಲದ ಲಾವಾ, ಸುಮಾರು 8.8 ಕೋಟಿ ವರ್ಷ ಹಳೆಯದು. ಅದು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ. ಅದೇ ಮಾನ್ಯತೆ ಇರುವ ಇನ್ನೊಂದು ಜಾಗ ನಮ್ಮ ಚಿತ್ರದುರ್ಗ ಜಿಲ್ಲೆಯ ಮರಡಿಹಳ್ಳಿಯಲ್ಲಿದೆ. ಅಲ್ಲಿನ ದಿಂಬಿನ ಆಕಾರದ ಕಲ್ಲುಗಳು ನೀರಿನಡಿಯಲ್ಲಿ ಉಕ್ಕಿ ತಣ್ಣಗಾದ ಲಾವಾ, ಇನ್ನೂ ಎಷ್ಟೋ ಪಟ್ಟು ಹಳೆಯದು. ಇವತ್ತು ಕುಡಿಯುವ ನೀರಿಗೆ ಬೋರ್ ಕೊರೆಸುವ ನಮ್ಮ ನೆಲ ಒಂದು ಕಾಲಕ್ಕೆ ಸಮುದ್ರದ ತಳ! ದ್ವೀಪದ ಕಲ್ಲಿನ ಮುಂದೆ ಸೆಲ್ಫಿ ತೆಗೆದುಕೊಳ್ಳುವ ನಮ್ಮೂರ ಹುಡುಗರು ಮರಡಿಹಳ್ಳಿಗೂ ಒಮ್ಮೆ ಹೋಗಿ ಬರಲಿ ಅಂತ ಆಸೆ.

ಕಾರವಾರದ ಕಾಳಿ ಅಳಿವೆ ಚೆಂದವೇ. ಆದರೆ ಊರಿನ ದಕ್ಷಿಣಕ್ಕೆ ನೌಕಾನೆಲೆ ಇದೆ, ಆ ಕಡೆ ಕ್ಯಾಮೆರಾ ಎತ್ತಬೇಡಿ, ಡ್ರೋನ್ ಮಾತಂತೂ ಬೇಡವೇ ಬೇಡ. ಕಾಳಿಯ ಹಳೇ ಸೇತುವೆ 2024ರ ಆಗಸ್ಟ್‌ನಲ್ಲಿ ಕುಸಿದು ಬಿತ್ತು. ಅದಕ್ಕೂ ಮೂರು ವಾರ ಮೊದಲು ಅಂಕೋಲಾ ಹತ್ತಿರ ಶಿರೂರಿನಲ್ಲಿ ಗುಡ್ಡ ಜರಿದು ಹೆದ್ದಾರಿಯಲ್ಲಿದ್ದ ಜೀವಗಳು ಹೋದವು. ಜೋರು ಮಳೆಯಲ್ಲಿ ಮೋಡದ ಫೋಟೋಗೆ ಅಂತ ಹೊರಡುವವರು ಇದನ್ನು ನೆನಪಿಟ್ಟುಕೊಳ್ಳಿ. ಘಟ್ಟದ ರಸ್ತೆ ತೆರೆದಿದೆಯಾ ಅಂತ ಹೊರಡುವ ಮುನ್ನ ವಿಚಾರಿಸಿ.

ಮಳೆಗಾಲದ ಪೂರ್ತಿ ವಿರೋಧಿ ನಾನಲ್ಲ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳ ಮೀನುಗಾರಿಕೆಗೆ ನಿಷೇಧ. ಆಗ ಬಂದರಿನಲ್ಲಿ ಬೋಟುಗಳೆಲ್ಲ ಒತ್ತೊತ್ತಾಗಿ ನಿಂತಿರುತ್ತವೆ. ಕೆಂಪು, ನೀಲಿ, ಹಸಿರು ಬಣ್ಣ, ಮೇಲೆ ಕಪ್ಪು ಮೋಡ. ದಡದಲ್ಲಿ ಕೂತು ಬಲೆ ಹೆಣೆಯುವವರು. ಅಳಿವೆಯಲ್ಲಿ ನಾಡದೋಣಿಗಳು ಮಾತ್ರ. ಆದರೆ ಇದು ನಿಧಾನಕ್ಕೆ ಹೋಗಿ, ದಡದಲ್ಲೇ ನಿಂತು ನೋಡುವ ಕಾಲ. ದ್ವೀಪದ ಬೋಟುಗಳೂ ಆಗ ಇರುವುದಿಲ್ಲ.

ನೀರಿನ ವಿಷಯದಲ್ಲಿ ನಾನು ಯಾರ ಮುಲಾಜೂ ನೋಡುವುದಿಲ್ಲ. ನಾವು ಕೆರೆ, ಕಾಲುವೆಯ ಜನ, ಸಮುದ್ರದ ಸೆಳೆತ ನಮ್ಮ ಕಾಲಿಗೆ ಗೊತ್ತಿಲ್ಲ. ಅಳಿವೆಯಲ್ಲಿ ನೀರು ಇಳಿಯುವಾಗ ಹೊಳೆಯ ಸೆಳೆತವೂ ಸೇರಿ ಸಮುದ್ರದ ಕಡೆಗೇ ಎಳೆಯುತ್ತದೆ. ಮರಳು ದಿಬ್ಬದ ಮೇಲೆ ನಿಂತವರ ಹಿಂದೆ ನೀರು ಏರಿ ದಾರಿ ಮುಚ್ಚಬಹುದು. 2024ರ ಡಿಸೆಂಬರಿನಲ್ಲಿ ಮುರುಡೇಶ್ವರಕ್ಕೆ ಶಾಲಾ ಪ್ರವಾಸ ಬಂದಿದ್ದ ಕೋಲಾರ ಜಿಲ್ಲೆಯ ನಾಲ್ಕು ಹೆಣ್ಣುಮಕ್ಕಳು ಅಲೆಗೆ ಸಿಕ್ಕಿ ತೀರಿಕೊಂಡರು. ಅವರೂ ನಮ್ಮಂಥ ಬಯಲಿನ ಮಕ್ಕಳೇ. "ಇನ್ನೊಂದು ಹೆಜ್ಜೆ ಹಿಂದಕ್ಕೆ ಹೋಗಿ" ಅಂತ ಮದುಮಕ್ಕಳಿಗೆ ಹೇಳುವ ಪ್ರತಿ ಫೋಟೋಗ್ರಾಫರ್ ಆ ಹೆಜ್ಜೆಯ ಜವಾಬ್ದಾರಿ ಹೊರಬೇಕು. ಮೊಣಕಾಲಿಗಿಂತ ಮೇಲೆ ನೀರು ಬೇಡ. ಬಂಡೆಯ ಮೇಲೆ ಸೀರೆ ಸೆರಗು ಹಾರಿಸುವ ಆಟ ಬೇಡ.

ಇನ್ನೊಂದು ವಿಷಯ ನನಗೆ ತುಂಬಾ ಮುಖ್ಯ. ಅಳಿವೆ ಅಂದರೆ ಜನ ಕೆಲಸ ಮಾಡುವ ಜಾಗ. ಬಳಚು ಆರಿಸುವ ಅಕ್ಕ, ಮೀನು ಒಣಗಿಸುವ ಅಮ್ಮ ನಮ್ಮ ಫೋಟೋದ ಅಲಂಕಾರಕ್ಕೆ ಅಲ್ಲಿ ನಿಂತಿಲ್ಲ. ನಮ್ಮ ಎಪಿಎಂಸಿಯಲ್ಲಿ ಮೂಟೆ ಹೊರುವ ಹಮಾಲರ ಮುಖಕ್ಕೆ ಯಾರೋ ಲೆನ್ಸ್ ಹಿಡಿದರೆ ನಮಗೆ ಹೇಗನಿಸುತ್ತದೆ? ಮೊದಲು ಮಾತಾಡಿಸಿ. "ಅಕ್ಕಾ, ಒಂದು ಫೋಟೋ ತೆಗೀಲಾ?" ಅಂತ ಕೇಳಿ. ಬೇಡ ಅಂದರೆ ಕ್ಯಾಮೆರಾ ಕೆಳಗಿಳಿಸಿ. ಹೂಂ ಅಂದರೆ ತೆಗೆದು ತೋರಿಸಿ, ಮನೆಯವರ ನಂಬರಿಗೆ ಕಳಿಸಿ. ಒಣ ಹಾಕಿದ ಮೀನಿನ ಮೇಲೆ ಟ್ರೈಪಾಡ್ ದಾಟಿಸಿಕೊಂಡು ಹೋಗುವವರನ್ನು ಕಂಡಿದ್ದೇನೆ. ನೋಡಿ ಸಿಟ್ಟು ಬಂತು.

ಉಪಕರಣದ ಬಗ್ಗೆ ಎರಡೇ ಮಾತು. ನಮ್ಮೂರಿನ ಒಣ ಹವೆಗೆ ಒಗ್ಗಿದ ಕ್ಯಾಮೆರಾವನ್ನು ಎಸಿ ಕಾರಿನಿಂದ ನೇರ ಕರಾವಳಿ ಸೆಕೆಗೆ ತೆಗೆದರೆ ಲೆನ್ಸ್ ಮಂಜುಗಟ್ಟುತ್ತದೆ. ಮುಟ್ಟುವುದಕ್ಕೆ ಅರ್ಧ ಗಂಟೆ ಮೊದಲೇ ಎಸಿ ಆರಿಸಿ, ಕಿಟಕಿ ಇಳಿಸಿ, ಬ್ಯಾಗು ಹಾಗೇ ಇರಲಿ. ಉಪ್ಪಿನ ತುಂತುರು ಕೂತ ಗಾಜನ್ನು ಒಣ ಬಟ್ಟೆಯಲ್ಲಿ ಉಜ್ಜಬೇಡಿ, ಗೀರು ಬೀಳುತ್ತದೆ. ಮೊದಲು ಸಿಹಿನೀರಲ್ಲಿ ಸ್ವಲ್ಪ ಒದ್ದೆ ಮಾಡಿದ ಬಟ್ಟೆ, ಆಮೇಲೆ ಒಣ ಬಟ್ಟೆ. ಟ್ರೈಪಾಡ್ ಕಾಲುಗಳನ್ನು ರಾತ್ರಿ ಲಾಡ್ಜ್‌ನಲ್ಲೇ ತೊಳೆದುಬಿಡಿ.

ಇಷ್ಟು ಯೋಚನೆ ಮಾಡಿದ ಮೇಲೆ ನಮ್ಮ ಸ್ಟುಡಿಯೋದಲ್ಲಿ ಒಂದು ತೀರ್ಮಾನ ಮಾಡಿದ್ದೇವೆ. ಈ ಸೀಸನ್‌ನಿಂದ ಒಂದೇ ದಿನಕ್ಕೆ ಐದು ಬೀಚ್ ಅನ್ನುವ ಪ್ಯಾಕೇಜ್ ಇಲ್ಲ. ಒಂದು ಅಳಿವೆ, ಎರಡು ಸಂಜೆ, ನಡುವೆ ಒಂದು ಬೆಳಗ್ಗೆ. ಮೊದಲ ಸಂಜೆ ಕ್ಯಾಮೆರಾ ತೆಗೆಯುವುದಿಲ್ಲ, ಸುಮ್ನೆ ದಡದಲ್ಲಿ ನಡೆದು ಜಾಗ ನೋಡುವುದು, ಗೂಡಂಗಡಿಯಲ್ಲಿ ವಿಚಾರಿಸುವುದು. ತಾರೀಕು ನಿಮ್ಮ ರಜೆ ನೋಡಿ ಅಷ್ಟೇ ಅಲ್ಲ, ಉಬ್ಬರದ ಪಟ್ಟಿ ನೋಡಿಯೂ ಗೊತ್ತು ಮಾಡುತ್ತೇವೆ. ಹುಡುಗಿಯ ಅಪ್ಪ ಅಮ್ಮ ಜೊತೆಗೆ ಬರುವುದಾದರೆ ಬರಲಿ, ದೋಣಿಯಲ್ಲಿ ಜಾಗ ಇದೆ. ನಮ್ಮ ಹತ್ತಿರವೇ ಮಾಡಿಸಬೇಕೆಂದೇನಿಲ್ಲ. ಬೇರೆ ಯಾರ ಜೊತೆ ಹೋದರೂ ಅವರಿಗೆ ಈ ಒಂದು ಪ್ರಶ್ನೆ ಕೇಳಿ: "ಅಣ್ಣಾ, ಆವತ್ತು ಸಂಜೆ ನೀರು ಎಷ್ಟು ಗಂಟೆಗೆ ಇಳಿಯುತ್ತೆ?"